ಹನ್ನೊಂದು ದಿನದ ಬೇವು

"ಗುರುಗಳೇ, ಇಂಥ ಪುಸ್ತಕಗಳನ್ನು ಯಾಕೆ ಓದಬೇಕು?"

ಕರಿಬಸವ ಪುಸ್ತಕವನ್ನು ತೊಡೆಯ ಮೇಲೆ ಮುಚ್ಚಿ ಕೇಳಿದ. ಒಂದು ಬೆರಳನ್ನು ಮಾತ್ರ ಹಾಳೆಗಳ ನಡುವೆ ಇಟ್ಟಿದ್ದ.

ಗುರುಗಳು ದೊಡ್ಡ ಮಠದವರಲ್ಲ. ಪೇಟೆಯ ಹೊರಗಿನ ಹಳೆಯ ಮಂಟಪದಲ್ಲಿ ಕೂತು ದೊಡ್ಡ ವಯಸ್ಸಿನವರಿಗೆ ಅಕ್ಷರ ಕಲಿಸುತ್ತಿದ್ದರು. ಕರಿಬಸವ ಮಂಡಿಯಲ್ಲಿ ಮೂಟೆ ಹೊರುವವನು. ಮೂವತ್ತು ದಾಟಿದ ಮೇಲೆ ಅವರ ಹತ್ತಿರ ಓದು ಕಲಿತ. ಈಗ ಗುರುಗಳ ಕಣ್ಣು ಹೋಗಿತ್ತು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವನೇ ಬಂದು ಅವರಿಗೆ ಓದಿ ಹೇಳುತ್ತಿದ್ದ.

ಅಂದು ಓದುತ್ತಿದ್ದದ್ದು ಒಬ್ಬ ತಾಯಿ ಬರೆದ ಪುಸ್ತಕ. ಅವಳ ಮಗ ಗಣಿಯಲ್ಲಿ ಸತ್ತಿದ್ದ. ಗುರುತು ಹಿಡಿಯಲು ಅವಳನ್ನು ಕರೆದುಕೊಂಡು ಹೋದರು ಎಂಬಲ್ಲಿಗೆ ಬಂದಾಗ ಕರಿಬಸವನ ದನಿ ನಿಂತಿತು. ಹಾಳೆ ತಿರುವಿದ ಸದ್ದಾಯಿತು. ಮತ್ತೆ ಓದಿದ. ಅಷ್ಟರಲ್ಲಿ ಆ ತಾಯಿ ಮನೆಗೆ ವಾಪಸು ಬಂದಿದ್ದಳು. ದನಕ್ಕೆ ಮೇವು ಹಾಕುತ್ತಿದ್ದಳು.

"ಸಿಟ್ಟಾಗಬೇಡಿ," ಎಂದ ಕರಿಬಸವ. "ದಿನವೆಲ್ಲಾ ಮೂಟೆ ಹೊರ್ತೀನಿ. ಬೆಳಿಗ್ಗೆ ಎದ್ದು ಇವಳ ಮೂಟೆಯನ್ನೂ ನಾನೇ ಹೊರಬೇಕಾ? ಕಷ್ಟ ಪಟ್ಟೋರು ಪಟ್ಟರು. ಓದೋರು ಯಾಕೆ ಪಡಬೇಕು? ಕೇಳೋರು ಯಾಕೆ ಪಡಬೇಕು? ತೀರಾ ಕೆಟ್ಟದ್ದು ಬಂದಾಗ ಅಷ್ಟನ್ನ ಬಿಟ್ಟು ಓದಿದರೆ ಯಾರಿಗೇನು ನಷ್ಟ?"

ಗುರುಗಳು ಹೇಳಿದರು:

"ಒಬ್ಬ ಬೀಡಿ ಕಟ್ಟುವವನ ಕತೆ ಇದೆ. ಕೇಳು."

ಒಂದು ಪೇಟೆಯಲ್ಲಿ ಬೀಡಿ ಶೆಡ್ಡು ಇತ್ತು. ಇಪ್ಪತ್ತು ಮೂವತ್ತು ಜನ ಸಾಲಾಗಿ ಕೂತು ಬೀಡಿ ಕಟ್ಟುತ್ತಿದ್ದರು. ಗಂಡಸರಿದ್ದರು, ಹೆಂಗಸರಿದ್ದರು. ತೊಡೆಯ ಮೇಲೆ ಮೊರ. ಮೊರದಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ದಾರ. ಆ ಕೆಲಸಕ್ಕೆ ಕಣ್ಣು ಬೇಕು, ಕೈ ಬೇಕು. ಕಿವಿ ಬೇಡ. ಕಿವಿ ಸುಮ್ಮನೆ ಇರುತ್ತದೆ. ಅದಕ್ಕೆ ಶೆಡ್ಡಿನವರು ಒಂದು ಪದ್ಧತಿ ಇಟ್ಟುಕೊಂಡಿದ್ದರು.

ಅಲ್ಲಿ ಒಬ್ಬ ಮುದುಕ ಇದ್ದ. ಬೆರಳು ಸೊಟ್ಟಗಾಗಿ ಬೀಡಿ ಕಟ್ಟಲು ಆಗುತ್ತಿರಲಿಲ್ಲ. ಆದರೆ ಓದು ಬರುತ್ತಿತ್ತು. ಅವನು ಬಾಗಿಲ ಬೆಳಕಿಗೆ ಕೂತು ಗಟ್ಟಿಯಾಗಿ ಪುಸ್ತಕ ಓದುವುದು. ಉಳಿದವರು ಕೇಳುತ್ತಾ ಬೀಡಿ ಕಟ್ಟುವುದು. ಸಂಜೆ ಏಳುವಾಗ ಒಬ್ಬೊಬ್ಬರೂ ಒಂದು ಹಿಡಿ ಬೀಡಿಯನ್ನು ಅವನ ಮೊರಕ್ಕೆ ಹಾಕುವುದು. ಅವನ ಹೊಟ್ಟೆಪಾಡೂ ನಡೆಯುತ್ತಿತ್ತು. ಎಲ್ಲರೂ ಅವನನ್ನು ಓದೋ ಅಜ್ಜ ಎನ್ನುತ್ತಿದ್ದರು.

ಅಜ್ಜ ಕಾದಂಬರಿ ಓದಿದ. ಆತ್ಮಕತೆ ಓದಿದ. ಜೈಲಿಗೆ ಹೋದವರದು, ಕುಷ್ಠ ಹತ್ತಿದವರದು, ಮನೆ ಬಿಟ್ಟು ಓಡಿದವರದು. ಶೆಡ್ಡಿನವರಿಗೆ ಕಷ್ಟದ ಪುಸ್ತಕವೇ ಬೇಕಾಗಿತ್ತು. ಯಾಕೆ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಸುಖದ ಪುಸ್ತಕ ಓದಿದರೆ ಬೀಡಿ ಸಡಿಲ ಆಗುತ್ತದೆ ಎಂದು ರುದ್ರಕ್ಕ ಎಂಬ ಹೆಂಗಸು ಹೇಳುತ್ತಿದ್ದಳು. ಅವಳು ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು. ಅವಳ ಮಾತೇ ಮಾತು.

ಆ ಶೆಡ್ಡಿನಲ್ಲಿ ನಾನು ಹೇಳುವ ಬೀಡಿಯವನು ಇದ್ದ. ಅವನಿಗೆ ಓದು ಬರದು. ಹೆಂಡತಿಗೂ ಬರದು. ಮಕ್ಕಳಿರಲಿಲ್ಲ. ಹೆಂಡತಿ ಮನೆಯಲ್ಲೇ ಇದ್ದು ಮರುದಿನದ ಎಲೆಯನ್ನು ನೆನೆಸಿ, ಅಳತೆಯ ತಗಡು ಇಟ್ಟು ಕತ್ತರಿಯಲ್ಲಿ ಕತ್ತರಿಸಿ ಇಡುತ್ತಿದ್ದಳು. ಸಂಜೆ ಅವನು ಬಂದು ಅವಳ ಎದುರು ಕೂರುತ್ತಿದ್ದ. ಅವಳು ಎಲೆ ಕತ್ತರಿಸುವಳು. ಅವನು ಅಂದು ಶೆಡ್ಡಿನಲ್ಲಿ ಕೇಳಿದ್ದನ್ನೆಲ್ಲ ಹೇಳುವನು. ಅವನು ಚೆನ್ನಾಗಿ ಹೇಳುತ್ತಿದ್ದ. ಒಂದು ಮಾತು ಬಿಡುತ್ತಿರಲಿಲ್ಲ. ಹನ್ನೆರಡು ವರ್ಷ ಹೀಗೆ ನಡೆಯಿತು. ಆ ಮನೆಗೆ ಪುಸ್ತಕ ಬಂದದ್ದು ಅವನ ಬಾಯಲ್ಲೇ.

ಒಂದು ಸಲ ಅಜ್ಜ ಒಬ್ಬ ಹೆಂಗಸು ಬರೆದ ಪುಸ್ತಕ ತಂದ. ಅವಳದೇ ಬದುಕು. ಮದುವೆ, ಅತ್ತೆ ಮನೆ, ನಗು, ಜಗಳ ಎಲ್ಲ ಇತ್ತು. ಬೀಡಿಯವನ ಹೆಂಡತಿ ನಗುತ್ತಾ ಕೇಳಿದಳು. ಆರನೆಯ ದಿನ ಅವನು ಬಂದು ಹೇಳಿದ:

"ಇವತ್ತು ಅವಳಿಗೆ ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಸಿಕ್ತಂತೆ."

ಕತ್ತರಿ ನಿಂತಿತು.

"ಎಷ್ಟು ದೊಡ್ಡದಂತೆ?" ಎಂದಳು.

"ಹುಣಿಸೆ ಬೀಜದಷ್ಟು."

"ನೋವಿತ್ತಂತಾ?"

"ನೋವಿರಲಿಲ್ವಂತೆ. ಅದಕ್ಕೇ ಗಂಡನಿಗೂ ಹೇಳದೆ ಸುಮ್ಮನಿದ್ದಳಂತೆ."

"ಗಟ್ಟಿಯಾಗಿತ್ತಾ, ಮೆತ್ತಗಿತ್ತಾ?"

ಬೀಡಿಯವನಿಗೆ ಅದು ನೆನಪಿರಲಿಲ್ಲ. ನಾಳೆ ಕೇಳಿ ಬರುತ್ತೇನೆ ಎಂದ. ಅವಳು ಮತ್ತೆ ಎಲೆ ಕತ್ತರಿಸಿದಳು. ಕತೆ ಇವಳನ್ನು ಹಿಡಿಯಿತು ಎಂದು ಅವನಿಗೆ ಖುಷಿಯಾಯಿತು.

ಮರುದಿನ ಶೆಡ್ಡಿನಲ್ಲಿ ಅಜ್ಜನನ್ನು ಕೇಳಿದ. ಎಲ್ಲರೂ ನಕ್ಕರು.

"ಏನೋ, ನಿಂಗ್ಯಾಕೋ ಅದೆಲ್ಲ?" ಎಂದಳು ರುದ್ರಕ್ಕ.

"ನಂಗಲ್ಲಕ್ಕ. ಮನೇಲಿ ಕೇಳಿದ್ಳು."

"ನಿನ್ನ ಹೆಂಡ್ತಿ ಪರೀಕ್ಷೆಗೆ ಕಟ್ಟಿದಾಳೇನೋ? ಪಾಸಾದ್ರೆ ನಮಗೂ ಒಂದು ಬೆಲ್ಲದುಂಡೆ ಕೊಡ್ಸು."

ಮತ್ತೆ ನಕ್ಕರು. ಅವನೂ ನಕ್ಕ. ಅಜ್ಜ ಮಾತ್ರ ಹಿಂದಿನ ಹಾಳೆಗೆ ಹೋಗಿ ಆ ಸಾಲನ್ನು ಹುಡುಕಿ ಎರಡು ಸಲ ಓದಿದ. ಗಟ್ಟಿ. ಕಲ್ಲಿನ ಹಾಗೆ. ಒತ್ತಿದರೆ ಜಾರುವುದಿಲ್ಲ.

ಅದನ್ನು ಅವನು ಸಂಜೆ ಮನೆಗೆ ಒಯ್ದ. ಅವಳು ಕೇಳಿಕೊಂಡಳು. ಅಂದು ಊಟವನ್ನು ಬಿಟ್ಟಳು. ಹೊಟ್ಟೆ ಭಾರ ಎಂದಳು.

ಅಲ್ಲಿಂದ ಮುಂದೆ ಅವಳೇ ಬಾಗಿಲಲ್ಲಿ ಕಾಯುತ್ತಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು.

"ಹೇಳಿದಳಂತಾ ಗಂಡನಿಗೆ?"

"ಇನ್ನೂ ಇಲ್ಲ."

"ಗಂಟು?"

"ಬೆಳೀತಿದೆಯಂತೆ."

"ನಾಳೆ ಓದ್ತಾರಾ ಅಜ್ಜ?"

"ಓದ್ತಾರೆ ಕಣೇ. ಮೊದ್ಲು ನೀರು ಕೊಡು."

ಅವಳು ಸೊರಗುತ್ತಾ ಹೋದಳು. ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯುತ್ತಿತ್ತು. ಕಣ್ಣ ಕೆಳಗೆ ಕಪ್ಪಾಯಿತು. ಬೀಡಿಯವನು ನೋಡಿದ. ಅವನು ಕುರುಡನಲ್ಲ. ಹೆಂಡತಿಯನ್ನು ಪ್ರೀತಿಸುತ್ತಿದ್ದ. ಯಾವಾಗಿನಿಂದ ಹೀಗಾದಳು ಎಂದು ಲೆಕ್ಕ ಹಾಕಿದ. ಈ ಪುಸ್ತಕ ಶುರುವಾದಾಗಿನಿಂದ. ಹಾಗಾದರೆ ಈ ಪುಸ್ತಕವೇ ಇವಳನ್ನು ತಿನ್ನುತ್ತಿದೆ ಎಂದುಕೊಂಡ.

ಲೆಕ್ಕ ಸರಿಯಾಗಿತ್ತು. ಉತ್ತರ ತಪ್ಪಿತ್ತು.

ಒಂದು ದಿನ ಅಜ್ಜ ಆ ಭಾಗಕ್ಕೆ ಬಂದ. ಪುಸ್ತಕದ ಹೆಂಗಸು ಕೊನೆಗೆ ಆಸ್ಪತ್ರೆಗೆ ಹೋಗಿದ್ದಳು. ಡಾಕ್ಟರು ಎದೆಯನ್ನು ಕೊಯ್ದು ತೆಗೆದರು. ಅವಳು ಏನನ್ನೂ ಮುಚ್ಚಿಡದೆ ಬರೆದಿದ್ದಳು. ಕೊಯ್ದ ಜಾಗ ಹೇಗಿತ್ತು. ಕೂದಲು ಹಿಡಿ ಹಿಡಿಯಾಗಿ ದಿಂಬಿನ ಮೇಲೆ ಹೇಗೆ ಉಳಿಯಿತು. ಮೊದಲ ಸಲ ಕನ್ನಡಿ ಮುಂದೆ ನಿಂತು ರವಿಕೆ ತೆಗೆದಾಗ ಏನು ಕಂಡಿತು. ಗಂಡ ಹೇಗೆ ಮುಖ ತಿರುಗಿಸಿದ. ಎಷ್ಟು ದಿನ ಸಾಯಬೇಕು ಅನ್ನಿಸಿತು.

ಶೆಡ್ಡಿನಲ್ಲಿ ಕೈಗಳು ನಿಂತವು. ರುದ್ರಕ್ಕ ಮೊರವನ್ನು ಕೆಳಗಿಟ್ಟು ಹೊರಗೆ ಹೋದಳು. ಒಬ್ಬ ಮುದುಕ, ಹುಸೇನಜ್ಜ, ತಡೆಯಲಾರದೆ ಕೂಗಿದ:

"ಸಾಕು ಬಿಡು ಮಾರಾಯ! ಅದನ್ನ ಹಾರಿಸಿ ಮುಂದಿನದು ಓದು."

ಓದೋ ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡ.

"ಬರೆದವಳು ಹಾರಿಸಿಲ್ಲ ಹುಸೇನಣ್ಣ. ನಾ ಹೆಂಗೆ ಹಾರಿಸ್ಲಿ?" ಎಂದ. ಓದಿದ. ಪೂರ್ತಿ ಓದಿದ.

ಅಂದು ಸಂಜೆ ಬೀಡಿಯವನು ಮನೆಗೆ ಹೋಗುವ ದಾರಿಯಲ್ಲಿ ಎರಡು ಸಲ ನಿಂತ. ಇದನ್ನು ಅವಳಿಗೆ ಹೇಗೆ ಹೇಳುವುದು ಎಂದು ಯೋಚಿಸಿದ. ಹೇಳಿದರೆ ಒಂದು ವಾರ ಅನ್ನ ಮುಟ್ಟುವುದಿಲ್ಲ. ಗಂಡನಾಗಿ ಇಷ್ಟನ್ನಾದರೂ ನಾನು ತಡೆಯಬಾರದೇ? ಅಜ್ಜನಿಗೇನು, ಓದಿ ಎದ್ದು ಹೋಗುತ್ತಾನೆ. ಎದುರಿಗೆ ಕೂತು ಅವಳ ಮುಖ ನೋಡಬೇಕಾದವನು ನಾನು.

ಅವಳು ಬಾಗಿಲಲ್ಲಿ ನಿಂತಿದ್ದಳು.

"ಏನ್ರೀ, ಏನಾಯ್ತು ಅವಳಿಗೆ?"

"ವಾಸಿ ಆಯ್ತು," ಎಂದ.

ಹೇಳಿದ ಮೇಲೆ ದಾರಿ ತಾನಾಗಿ ತೆರೆಯಿತು. ಊರಿಗೆ ಒಬ್ಬ ಮುದುಕಿ ಬಂದಳಂತೆ. ಬೇವಿನ ಚಿಗುರು, ಅರಿಶಿನ ಅರೆದು ಕಟ್ಟು ಎಂದಳಂತೆ. ಅವನು ಅಲ್ಲಿಯವರೆಗೆ ಒಂದು ಕತೆಯನ್ನೂ ಸ್ವಂತಕ್ಕೆ ಕಟ್ಟಿದವನಲ್ಲ. ಇಷ್ಟು ಸುಲಭವೇ ಎಂದು ಅವನಿಗೇ ಆಶ್ಚರ್ಯವಾಯಿತು.

"ಎಷ್ಟು ದಿನ ಕಟ್ಟಿದಳಂತೆ?"

"ಹನ್ನೊಂದು ದಿನ."

"ಆಮೇಲೆ?"

"ಕರಗಿ ಹೋಯ್ತು."

"ಪೂರ್ತಿ?"

"ಪೂರ್ತಿ."

"ಪುಸ್ತಕದಲ್ಲಿ ಹಂಗೇ ಇದೆಯಾ?"

"ಅಚ್ಚಾಗಿದೆ ಕಣೇ. ಅಚ್ಚು ಹಾಕಿ ಸುಳ್ಳು ಹೇಳ್ತಾರಾ ಯಾರಾದ್ರೂ?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಅವಳು ದಡ್ಡಿಯಲ್ಲ.

"ಕರಗಿ ಹೋದ ಗಂಟಿಗೆ ಅಷ್ಟು ದೊಡ್ಡ ಪುಸ್ತಕ ಯಾಕೆ ಬರೆದಳು ಮತ್ತೆ?"

ಅವನು ನಕ್ಕುಬಿಟ್ಟ.

"ಓದಿದೋರ ಸುದ್ದಿ ಬಿಡು. ಹಲ್ಲು ನೋವು ಬಂದ್ರೂ ಒಂದು ಪುಸ್ತಕ ಬರೀತಾರೆ."

ಅವಳೂ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ಅಂದು ಎರಡು ರೊಟ್ಟಿ ತಿಂದಳು. ಮೇಲೆ ಮಜ್ಜಿಗೆ ಕುಡಿದಳು. ಬೀಡಿಯವನು ಅವಳು ತಿನ್ನುವುದನ್ನೇ ನೋಡುತ್ತಾ ಕೂತ. ನಾನು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡ.

ಎರಡು ದಿನದ ಮೇಲೆ ಅವಳು ಕೇಳಿದಳು, "ಶೆಡ್ಡಿನ ಹಿಂದೆ ಬೇವಿನ ಮರ ಇದೆಯಲ್ಲ, ಬರುವಾಗ ಸ್ವಲ್ಪ ಚಿಗುರು ತರ್ತೀರಾ? ಮೈಯೆಲ್ಲಾ ಬೆವರುಸಾಲೆ."

ತಂದುಕೊಟ್ಟ. ತನ್ನ ಕೈಯಾರೆ ಕಿತ್ತು, ಪಂಚೆಯ ಅಂಚಿನಲ್ಲಿ ಕಟ್ಟಿಕೊಂಡು ತಂದುಕೊಟ್ಟ. ಹನ್ನೊಂದು ದಿನ ತಂದ. ಮನೆಯಲ್ಲಿ ಬೇವು, ಅರಿಶಿನದ ವಾಸನೆ ತುಂಬಿತ್ತು. ಹನ್ನೊಂದು ದಿನ ಆದ ಮೇಲೂ ಅವಳು ಇನ್ನಷ್ಟು ತನ್ನಿ ಎಂದಳು. ಅದನ್ನೂ ತಂದ. ಅವನಿಗೆ ಏನೂ ಅನ್ನಿಸಲಿಲ್ಲ. ಅವನು ತಾನು ಕಟ್ಟಿದ ಕತೆಯನ್ನು ಆಗಲೇ ಮರೆತಿದ್ದ.

ಶೆಡ್ಡಿನಲ್ಲಿ ಆ ಪುಸ್ತಕ ಮುಗಿಯಿತು. ಬೇರೆ ಪುಸ್ತಕ ಬಂತು. ಒಬ್ಬ ಕಳ್ಳನ ಕತೆ. ಅವಳು ಅದಕ್ಕೆ ನಗುತ್ತಿದ್ದಳು. ಮಳೆಗಾಲ ಬಂತು, ಹೋಯಿತು. ಒಂದು ದಿನ ಅವನು ನೋಡಿದ. ಅವಳು ಎಡಗೈಯಲ್ಲಿ ಕತ್ತರಿ ಹಿಡಿದಿದ್ದಳು.

"ಏನೇ, ಈ ವಯಸ್ಸಲ್ಲಿ ಎಡಚಿ ಆದೆಯಾ?" ಎಂದು ಹಾಸ್ಯ ಮಾಡಿದ.

"ಬಲಗೈ ಸ್ವಲ್ಪ ಊದಿದೆ. ಎಲೆಯ ತೇವ ಇರಬೇಕು," ಎಂದಳು.

ಎಲೆ ಸೊಟ್ಟ ಬರಲು ಶುರುವಾಯಿತು. ಅವನು ಗೊಣಗಿದ. ಅವಳು ತಗಡನ್ನು ಗಟ್ಟಿಯಾಗಿ ಒತ್ತಿ ಹಿಡಿದು ಕತ್ತರಿಸಿದಳು.

ಆಮೇಲೆ ಒಂದು ಬೆಳಿಗ್ಗೆ ಅವಳು ಬಾಗಿ ಒಲೆ ಊದುತ್ತಿದ್ದಳು. ಸೆರಗು ಜಾರಿತು. ರವಿಕೆ ಒದ್ದೆಯಾಗಿತ್ತು. ನೀರಿನ ಒದ್ದೆಯಲ್ಲ.

ಬಸ್ಸು ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಹೆಣ್ಣು ಡಾಕ್ಟರು ಇದ್ದರು. ಪರದೆಯ ಹಿಂದೆ ಕರೆದು ನೋಡಿದರು. ಹೊರಗೆ ಬಂದು ಕುರ್ಚಿಯ ಮೇಲೆ ಕೂತರು. ಅವನನ್ನೂ ಒಳಗೆ ಕರೆದರು.

"ಎಷ್ಟು ದಿನದಿಂದ ಇದೆಯಮ್ಮಾ ಇದು?"

"ಪುಸ್ತಕ ಓದ್ತಿದ್ದಾಗಿಂದ," ಎಂದಳು ಹೆಂಡತಿ.

"ಯಾವ ಪುಸ್ತಕ?"

"ಇವರ ಶೆಡ್ಡಲ್ಲಿ ಓದಿದ್ದು. ಅದರಲ್ಲಿ ಒಬ್ಬ ಅಮ್ಮನಿಗೂ ಹೀಗೇ ಆಗಿತ್ತು. ಹುಣಿಸೆ ಬೀಜದಷ್ಟು, ಗಟ್ಟಿ, ನೋವಿಲ್ಲ. ನಂದೂ ಹಂಗೇ ಇತ್ತು. ಅವರು ಹನ್ನೊಂದು ದಿನ ಬೇವು ಕಟ್ಟಿದರು, ಕರಗಿತು. ನಾನೂ ಕಟ್ಟಿದೆ. ನನಗೆ ಮಾತ್ರ ಯಾಕೋ ಹಿಡೀಲಿಲ್ಲ."

ಡಾಕ್ಟರು ಪೆನ್ನನ್ನು ಕೆಳಗಿಟ್ಟರು.

"ಯಾರಮ್ಮಾ ಹಂಗೆ ಬರೆದೋರು? ಇಂಥದ್ದು ಬರೆಯೋರನ್ನ ಜೈಲಿಗೆ ಹಾಕಬೇಕು."

"ಹಂಗನ್ನಬೇಡಿ ತಾಯಿ," ಎಂದಳು ಅವಳು. "ಪಾಪ, ಬಹಳ ಒಳ್ಳೇ ಅಮ್ಮ. ಬೇಕಾದ್ರೆ ಇವರನ್ನ ಕೇಳಿ. ಇವರಿಗೆ ಪೂರ್ತಿ ಗೊತ್ತು."

ಡಾಕ್ಟರು ಅವನ ಕಡೆ ನೋಡಿದರು. ಹೆಂಡತಿಯೂ ನೋಡಿದಳು.

ಬೀಡಿಯವನು ನಿಂತಿದ್ದ. ಕೈಗೆ ಇನ್ನೂ ಬೇವಿನ ವಾಸನೆ ಇದೆ ಅನ್ನಿಸಿತು. ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

ಡಾಕ್ಟರು ಅವನೊಬ್ಬನನ್ನು ಹೊರಗೆ ಕರೆದು ಹೇಳಿದರು. ಈಗ ಕೊಯ್ದು ಪ್ರಯೋಜನವಿಲ್ಲ. ಶ್ವಾಸಕೋಶಕ್ಕೆ ಹೋಗಿದೆ. ಆ ಪುಸ್ತಕದ ಕಾಲಕ್ಕೇ ಬಂದಿದ್ದರೆ ತೆಗೆದುಹಾಕಬಹುದಿತ್ತು. ಬದುಕುತ್ತಿದ್ದಳು.

ಅವಳಿಗೆ ಹಾಸಿಗೆ ಕೊಟ್ಟರು. ಅವನು ಅದರ ಕಾಲ ಬಳಿ ಕೂತ. ಮಧ್ಯಾಹ್ನ ಆಯಿತು. ಅವಳು ಊಟ ಮಾಡಿ ಬನ್ನಿ ಎಂದಳು. ಅವನು ಏಳಲಿಲ್ಲ.

"ಅದು ಪುಸ್ತಕದಲ್ಲಿ ಇರಲಿಲ್ಲ," ಎಂದ.

"ಯಾವುದು?"

"ಬೇವು. ಮುದುಕಿ. ಹನ್ನೊಂದು ದಿನ. ನಾನೇ ಕಟ್ಟಿ ಹೇಳಿದ್ದು. ನೀನು ಊಟ ಬಿಟ್ಟಿದ್ದೆ."

ಅವಳು ಅವನನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಅವನಿಗೆ ಅನುಕೂಲ ಆಗುತ್ತಿತ್ತು.

"ಮತ್ತೆ ಪುಸ್ತಕದಲ್ಲಿ ಏನಿತ್ತು?" ಎಂದಳು.

ಅವನಿಗೆ ಹೇಳಲು ಆಗಲಿಲ್ಲ. ಆಗಲೂ ಆಗಲಿಲ್ಲ.

"ಅಜ್ಜನ್ನ ಕರ್ಕೊಂಡು ಬನ್ನಿ," ಎಂದಳು ಅವಳು. "ಇದ್ದದ್ದು ಇದ್ದ ಹಂಗೆ ಕೇಳ್ತೀನಿ."

ಮರುದಿನ ಓದೋ ಅಜ್ಜ ಬಂದ. ಲೈಬ್ರರಿಯಿಂದ ಅದೇ ಪುಸ್ತಕವನ್ನು ಮತ್ತೆ ತಂದಿದ್ದ. ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ನಿಂತು ಬಂದಿದ್ದ. ರುದ್ರಕ್ಕನೂ ಜೊತೆಗೆ ಬಂದಳು. ಅಜ್ಜ ಸ್ಟೂಲಿನ ಮೇಲೆ ಕೂತು ಓದಿದ. ಗಂಟು ಸಿಕ್ಕ ದಿನದಿಂದ ಓದಿದ. ಆಸ್ಪತ್ರೆ ಓದಿದ. ಕೊಯ್ದದ್ದು ಓದಿದ. ಕೂದಲು, ಕನ್ನಡಿ, ಮುಖ ತಿರುಗಿಸಿದ ಗಂಡ, ಸಾಯಬೇಕು ಅನ್ನಿಸಿದ ದಿನಗಳು. ಅಕ್ಕಪಕ್ಕದ ಹಾಸಿಗೆಯವರೂ ಮಾತು ಬಿಟ್ಟು ಕೇಳಿದರು.

ಅವಳು ಕಣ್ಣು ಮುಚ್ಚದೆ ಕೇಳಿದಳು. ಅಳಲಿಲ್ಲ. ಅಜ್ಜ ನಿಲ್ಲಿಸಿದಾಗ ಒಂದು ಮಾತು ಕೇಳಿದಳು.

"ಅವಳು ಬದುಕಿದಳಾ ಅಜ್ಜ?"

"ಬದುಕಿದ್ದಕ್ಕೇ ಬರೆದಳು ತಾಯಿ," ಎಂದ ಅಜ್ಜ. "ಈಗ ಮೊಮ್ಮಕ್ಕಳಿದ್ದಾರೆ ಅಂತ ಕೊನೇ ಹಾಳೇಲಿ ಇದೆ."

ಅವಳು ಗಂಡನ ಕಡೆ ತಿರುಗಿದಳು.

"ಇಷ್ಟೇನಾ?" ಎಂದಳು. "ಇದಕ್ಕೆ ಹೆದರಿದ್ರಾ? ಇಷ್ಟನ್ನ ನಾನು ತಡ್ಕೋತಿದ್ದೆನಲ್ಲ."

ಅವಳು ಯುಗಾದಿ ಕಾಣಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮಂಟಪದ ಆಚೆ ರಸ್ತೆಯಲ್ಲಿ ಮಂಡಿಗೆ ಹೋಗುವ ಗಾಡಿಗಳು ಶುರುವಾಗಿದ್ದವು. ಕರಿಬಸವನಿಗೆ ಕೆಲಸಕ್ಕೆ ಹೊತ್ತಾಗಿತ್ತು. ಅವನು ಏಳಲಿಲ್ಲ.

"ಆ ಗಂಡ ಏನಾದ ಗುರುಗಳೇ?" ಎಂದು ಮೆಲ್ಲಗೆ ಕೇಳಿದ.

"ಬೀಡಿ ಕಟ್ಟುವುದು ಬಿಟ್ಟ. ನಲವತ್ತೈದನೆಯ ವಯಸ್ಸಿಗೆ ಅದೇ ಅಜ್ಜನ ಹತ್ತಿರ ಅಕ್ಷರ ಕಲಿತ. ಮೊದಲು ಆ ಪುಸ್ತಕವನ್ನೇ ಓದಿದ. ಓದಲು ಒಂದು ವರ್ಷ ಹಿಡಿಯಿತು. ಆಮೇಲೆ ಕಂಡವರಿಗೆಲ್ಲ ಅಕ್ಷರ ಕಲಿಸಿದ. ಇನ್ನೊಬ್ಬರ ಬಾಯನ್ನು ನಂಬಿ ಯಾರೂ ಕೂರಬಾರದು ಎಂದು ಕಲಿಸಿದ. ಕಣ್ಣು ಹೋಗುವವರೆಗೂ ತಾನೇ ಓದಿದ. ಕಣ್ಣು ಹೋದ ಮೇಲೆ ಅವನೂ ಇನ್ನೊಬ್ಬರ ಬಾಯನ್ನೇ ನಂಬಬೇಕಾಯಿತು."

ಕರಿಬಸವ ತಲೆ ಎತ್ತಿ ಗುರುಗಳ ಕಣ್ಣನ್ನು ನೋಡಿದ. ಬಿಳಿ ಪೊರೆ ಕಟ್ಟಿದ ಆ ಕಣ್ಣುಗಳು ಅವನ ಕಡೆಗೇ ಇದ್ದವು. ಪುಸ್ತಕದ ನಡುವೆ ಇಟ್ಟಿದ್ದ ಬೆರಳು ಇನ್ನೂ ಅಲ್ಲೇ ಇತ್ತು.

ಗುರುಗಳು ಹೇಳಿದರು:

"ಆಗಲೇ ಒಟ್ಟಿಗೆ ತಿರುವಿದೆಯಲ್ಲ, ಆ ಎರಡು ಹಾಳೆ, ಈಗ ಓದು ಕರಿಬಸವ."